ಓದಲು ಬರುವ ಡಿಸ್ಕ್‌ಗೆ ಬರೆಯಲು ಏಕೆ ಬರುವುದಿಲ್ಲ?

ಮದುವೆಯ ವಿಡಿಯೊ ಇರುವ ಹಾರ್ಡ್ ಡಿಸ್ಕ್ ತಂದು ಬೇರೊಂದು ಕಂಪ್ಯೂಟರಿಗೆ ಹಚ್ಚುತ್ತೀರಿ. ಫೋಟೊಗಳೆಲ್ಲ ಕಾಣುತ್ತವೆ, ವಿಡಿಯೊ ಸಲೀಸಾಗಿ ಓಡುತ್ತದೆ, ಬೇಕಾದ್ದನ್ನು ಕಾಪಿ ಮಾಡಿಕೊಳ್ಳಲೂ ಬರುತ್ತದೆ. ಆದರೆ ಎಡಿಟ್ ಮಾಡಿದ ಹೊಸ ಫೈಲನ್ನು ಅದೇ ಡಿಸ್ಕ್‌ಗೆ ವಾಪಸ್ ಹಾಕಲು ಹೋದರೆ ಆಗುವುದಿಲ್ಲ. ‘ಪೇಸ್ಟ್’ ಎಂಬ ಆಯ್ಕೆಯೇ ಮಸುಕಾಗಿರುತ್ತದೆ, ಇಲ್ಲವೇ ‘ರೀಡ್ ಓನ್ಲಿ’ ಎಂಬ ಸಂದೇಶ ಬರುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ಯಾವ ತಾಲ್ಲೂಕು ಊರಿನ ಫೋಟೊ ಸ್ಟುಡಿಯೊ ಅಥವಾ ಝೆರಾಕ್ಸ್ ಅಂಗಡಿಗೆ ಹೋಗಿ ಕೇಳಿದರೂ ಇದಕ್ಕೆ ಸಿಗುವ ಉತ್ತರ ಮೂರೇ. ‘ಡಿಸ್ಕ್ ಹೋಗೇದ್ರಿ’, ‘ವೈರಸ್ ಬಂದದ್ರಿ’, ಮತ್ತು ಎಲ್ಲಕ್ಕಿಂತ ಅಪಾಯದ್ದು, ‘ಒಂದ್ಸಲ ಫಾರ್ಮ್ಯಾಟ್ ಮಾಡಿಬಿಡ್ರಿ, ಸರಿಹೋಗ್ತದ’. ಮೊದಲ ಎರಡು ಬಹುಪಾಲು ತಪ್ಪು. ಮೂರನೆಯದರಿಂದ ಬರೆಯುವ ಸಮಸ್ಯೆ ನಿಜಕ್ಕೂ ಹೋಗುತ್ತದೆ, ಜೊತೆಗೆ ಮದುವೆಯೂ ಹೋಗುತ್ತದೆ.

ವೈರಸ್ ವಿಷಯವನ್ನು ಮೊದಲು ಮುಗಿಸೋಣ. ಪೆನ್ ಡ್ರೈವ್‌ಗಳಲ್ಲಿ ಫೋಲ್ಡರ್‌ಗಳನ್ನು ಅಡಗಿಸಿ, ಅವುಗಳ ಜಾಗದಲ್ಲಿ ಶಾರ್ಟ್‌ಕಟ್ ಕೂರಿಸುವ ವೈರಸ್‌ಗಳಿರುವುದು ನಿಜ. ಆದರೆ ವೈರಸ್ ಆ ಡಿಸ್ಕ್‌ಗೆ ಸೇರಬೇಕಾದರೆ ತನ್ನನ್ನು ತಾನು ಅಲ್ಲಿ ಬರೆದುಕೊಳ್ಳಬೇಕು. ಬರೆಯಲು ಬಾರದ ಡಿಸ್ಕ್‌ಗೆ ವೈರಸ್ ಕೂಡ ಬರೆಯಲಾರದು. ‘ರೀಡ್ ಓನ್ಲಿ’ ಎಂಬ ಸಂದೇಶ ಬಂದ ಮಾತ್ರಕ್ಕೆ ವೈರಸ್ ಎನ್ನುವುದು ಬೀಗ ಹಾಕಿದ ಮನೆಯನ್ನು ನೋಡಿ ಒಳಗೆ ಕಳ್ಳ ಇದ್ದಾನೆ ಅಂದಂತೆ.

ಹಾಗಾದರೆ ನಿಜವಾದ ಕಾರಣವೇನು? ಹೆಚ್ಚಿನ ಸಲ ಉತ್ತರ ಇರುವುದು ಡಿಸ್ಕ್‌ನಲ್ಲಿ ಅಲ್ಲ, ಅದನ್ನು ಹಚ್ಚಿದ ಕಂಪ್ಯೂಟರಿನಲ್ಲಿ. ಡಿಸ್ಕ್ ವಿಂಡೋಸ್‌ನಲ್ಲಿ ಸಿದ್ಧವಾಗಿರುತ್ತದೆ, ಹಚ್ಚಿದ್ದು ಆಪಲ್ ಮ್ಯಾಕ್‌ಗೋ ಲಿನಕ್ಸ್‌ಗೋ ಟಿವಿಗೋ ಆಗಿರುತ್ತದೆ. ಆ ಯಂತ್ರಕ್ಕೆ ಡಿಸ್ಕ್‌ನ ಲೆಕ್ಕಪತ್ರ ಓದಲು ಗೊತ್ತಿದೆ, ಅದರಲ್ಲಿ ಬರೆಯಲು ಗೊತ್ತಿಲ್ಲ. ಅಥವಾ ಗೊತ್ತಿದ್ದರೂ ಈಗ ಬರೆಯುವುದು ಕ್ಷೇಮವಲ್ಲ ಎಂದು ಅದು ಬೇಕಂತಲೇ ಹಿಂದೆ ಸರಿದಿದೆ.

ಓದಲು ಬಂದವರಿಗೆ ಬರೆಯಲು ಏಕೆ ಬರಬಾರದು ಎಂಬುದೇ ಇಲ್ಲಿನ ಸ್ವಾರಸ್ಯ. ಅದಕ್ಕೆ ತಹಶೀಲ್ದಾರ್ ಕಚೇರಿಗಿಂತ ಒಳ್ಳೆಯ ಹೋಲಿಕೆ ನಮಗೆ ಹೊಳೆಯುತ್ತಿಲ್ಲ.

ಹೊಲದ ಉತಾರ ಎಲ್ಲರಿಗೂ ಗೊತ್ತು. ಪಹಣಿ, ಆರ್‌ಟಿಸಿ ಎಂದರೂ ಅದೇ. 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ಕರ್ನಾಟಕದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಇಂದು ಸರ್ವೆ ನಂಬರ್ ಗೊತ್ತಿರುವ ಯಾರು ಬೇಕಾದರೂ ಯಾರ ಹೊಲದ ಉತಾರ ಬೇಕಾದರೂ ನೋಡಬಹುದು. ಓದುವುದರಿಂದ ಏನೂ ಕೆಡುವುದಿಲ್ಲ. ತಪ್ಪಾಗಿ ಓದಿದರೆ ಓದಿದವನಿಗಷ್ಟೇ ನಷ್ಟ.

ಆದರೆ ಐದು ಎಕರೆಯಲ್ಲಿ ಎರಡು ಎಕರೆ ಮಾರಾಟವಾಯಿತು ಅನ್ನಿ. ಆಗ 11ಇ ನಕ್ಷೆ ಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿ ಪತ್ರ ನೋಂದಣಿಯಾಗಬೇಕು, ಮ್ಯುಟೇಶನ್ ದಾಖಲಾಗಬೇಕು, ತಕರಾರಿದ್ದರೆ ಹೇಳಲು ನೋಟಿಸ್ ಅವಧಿ ಕಳೆಯಬೇಕು, ಕಂದಾಯ ಸಿಬ್ಬಂದಿ ಒಪ್ಪಿಗೆ ಕೊಡಬೇಕು. ಆಮೇಲೆ ಉತಾರ ಬದಲಾಗುತ್ತದೆ. ಆ ಬದಲಾವಣೆಯನ್ನು ಮಾಡುವ ಸಿಬ್ಬಂದಿ ಭೂಮಿ ವ್ಯವಸ್ಥೆಯೊಳಗೆ ಹೋಗಲು ಬೆರಳಚ್ಚು ಕೊಡಬೇಕು. ಈ ಸಾಲಿನಲ್ಲಿ ಒಂದು ದಾಖಲೆ ತಿದ್ದಿ ಇನ್ನೊಂದನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಹೊಲ ಇರುವವರಿಗೆ ಹೇಳಿಕೊಡಬೇಕಿಲ್ಲ. ಒಂದೇ ಜಮೀನಿಗೆ ಇಬ್ಬರು ಮಾಲೀಕರಾಗುತ್ತಾರೆ, ಮುಂದಿನದು ಕೋರ್ಟು.

ಡಿಸ್ಕ್‌ನ ಒಳಗೂ ಇಂಥದೇ ಒಂದು ಕಂದಾಯ ಇಲಾಖೆ ಇದೆ. ಅದರ ಹೆಸರು ಫೈಲ್ ಸಿಸ್ಟಮ್. ಡಿಸ್ಕ್ ಎನ್ನುವುದು ಸಾವಿರಾರು ಸಣ್ಣ ತುಂಡುಗಳಾಗಿ ಅಳೆದಿಟ್ಟ ಬಯಲು. ಯಾವ ಫೈಲು ಯಾವ ತುಂಡುಗಳಲ್ಲಿದೆ, ಯಾವ ತುಂಡು ಖಾಲಿ, ಫೈಲಿನ ಹೆಸರೇನು, ಗಾತ್ರವೆಷ್ಟು, ಕೊನೆಗೆ ತಿದ್ದಿದ್ದು ಯಾವಾಗ ಎಂಬ ವಹಿಗಳು ಡಿಸ್ಕ್‌ನಲ್ಲೇ ಒಂದು ಕಡೆ ಇರುತ್ತವೆ. ಆ ವಹಿಗಳನ್ನು ಬಿಡಿಸಿ ನೋಡುವ ಗುಮಾಸ್ತ ಕಂಪ್ಯೂಟರಿನ ಕಡೆ ಇರುತ್ತಾನೆ. ಅವನೇ ಡ್ರೈವರ್. ವಹಿ ಬರೆಯುವ ಪದ್ಧತಿ ಒಂದೇ ಅಲ್ಲ. ವಿಂಡೋಸ್ ಸಾಮಾನ್ಯವಾಗಿ ಬಳಸುವುದು ಎನ್‌ಟಿಎಫ್‌ಎಸ್. ಲಿನಕ್ಸ್‌ನದು ಬೇರೆ, ಮ್ಯಾಕ್‌ನದು ಬೇರೆ, ಕ್ಯಾಮೆರಾ ಕಾರ್ಡಿನದು ಬೇರೆ.

ಎನ್‌ಟಿಎಫ್‌ಎಸ್ 1993ರಲ್ಲಿ ವಿಂಡೋಸ್ ಎನ್‌ಟಿ 3.1 ಜೊತೆ ಬಂತು. ಇದರ ಮುಖ್ಯ ವಹಿಯ ಹೆಸರು ಮಾಸ್ಟರ್ ಫೈಲ್ ಟೇಬಲ್. ಪ್ರತಿ ಫೈಲಿಗೂ ಅದರಲ್ಲಿ ಸಾಮಾನ್ಯವಾಗಿ 1024 ಬೈಟ್‌ಗಳ ಒಂದು ಪುಟ. ಫೈಲು ತೀರಾ ಚಿಕ್ಕದಾಗಿದ್ದರೆ, ಅಂದರೆ ನಾಲ್ಕು ಸಾಲಿನ ಟಿಪ್ಪಣಿಯಂಥದ್ದಾದರೆ, ಅದರ ವಿಷಯವೂ ಆ ಪುಟದೊಳಗೇ ಇರುತ್ತದೆ, ಬೇರೆ ಜಾಗವೇ ಬೇಡ. ಫೈಲು ದೊಡ್ಡದಾಗುತ್ತಿದ್ದಂತೆ ವಿಷಯ ಹೊರಗೆ ಹೋಗುತ್ತದೆ, ಪುಟದಲ್ಲಿ ಜಾಗದ ವಿಳಾಸವಷ್ಟೇ ಉಳಿಯುತ್ತದೆ. ಫೈಲು ಹತ್ತಾರು ಕಡೆ ಚೂರುಚೂರಾಗಿ ಹಂಚಿಹೋಗಿ ವಿಳಾಸಗಳೇ ಒಂದು ಪುಟಕ್ಕೆ ಹಿಡಿಸದಿದ್ದರೆ ಎರಡನೆಯ ಪುಟ ಬೇಕು, ಆ ಪುಟಗಳ ಪಟ್ಟಿಗೆ ಮತ್ತೊಂದು ದಾಖಲೆ ಬೇಕು.

ಈಗ ‘ಮದುವೆ ಫೈನಲ್’ ಎಂಬ ಹೊಸ ಫೈಲನ್ನು ಹಾಕಬೇಕು ಎಂದುಕೊಳ್ಳೋಣ. ಖಾಲಿ ಜಾಗದ ನಕ್ಷೆ ತೆಗೆದು ಖಾಲಿ ತುಂಡುಗಳನ್ನು ಹುಡುಕಿ ‘ಇವು ಇನ್ನು ಮುಂದೆ ಭರ್ತಿ’ ಎಂದು ಗುರುತು ಹಾಕಬೇಕು. ಮುಖ್ಯ ವಹಿಯಲ್ಲಿ ಹೊಸ ಪುಟ ತೆರೆಯಬೇಕು. ಫೋಲ್ಡರಿನಲ್ಲಿ ಹೆಸರು ಸೇರಿಸಬೇಕು, ಅದೂ ಕೊನೆಯಲ್ಲಿ ಅಲ್ಲ, ಅಕಾರಾದಿಯಾಗಿ ಜೋಡಿಸಿದ ಮರದಂಥ ಪಟ್ಟಿಯಲ್ಲಿ ಸರಿಯಾದ ಕೊಂಬೆಯಲ್ಲಿ. ಕೊಂಬೆ ತುಂಬಿದ್ದರೆ ಅದನ್ನು ಎರಡಾಗಿ ಸೀಳಬೇಕು. ವಿಷಯವನ್ನು ಬರೆಯಬೇಕು, ಗಾತ್ರ ಮತ್ತು ಸಮಯ ತುಂಬಬೇಕು. ಇಷ್ಟರ ನಡುವೆ ಕರೆಂಟು ಹೋದರೂ ಲೆಕ್ಕ ತಪ್ಪಬಾರದು.

ಅದಕ್ಕಾಗಿ ಎನ್‌ಟಿಎಫ್‌ಎಸ್ ಒಂದು ಕಚ್ಚಾ ವಹಿ ಇಟ್ಟುಕೊಂಡಿದೆ. ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ಜರ್ನಲ್ ಎನ್ನುತ್ತಾರೆ. ‘ಈಗ ಈ ಈ ಬದಲಾವಣೆ ಮಾಡಲಿದ್ದೇನೆ’ ಎಂದು ಮೊದಲು ಅಲ್ಲಿ ಬರೆದು ಆಮೇಲೆ ಪಕ್ಕಾ ವಹಿಗೆ ಕೈ ಹಾಕುವುದು. ನಡುವೆ ಕರೆಂಟು ಹೋದರೆ, ಮತ್ತೆ ಶುರುವಾದಾಗ ಕಚ್ಚಾ ವಹಿ ನೋಡಿ ಅರ್ಧಕ್ಕೆ ನಿಂತ ಕೆಲಸವನ್ನು ಪೂರ್ತಿ ಮಾಡುವುದು ಅಥವಾ ಪೂರ್ತಿ ರದ್ದು ಮಾಡುವುದು. ಒಂದು ಮಾತು ನೆನಪಿರಲಿ: ಈ ಕಚ್ಚಾ ವಹಿ ಕಾಯುವುದು ದಾಖಲೆಗಳನ್ನು, ನಿಮ್ಮ ವಿಡಿಯೊದ ಒಳಗಿನ ವಿಷಯವನ್ನಲ್ಲ. ಕರೆಂಟು ಹೋದ ಮೇಲೆ ಫೈಲಿನ ಹೆಸರು ಇದ್ದು, ತೆರೆದರೆ ಒಳಗೆ ಏನೂ ಇಲ್ಲದಿರುವುದಕ್ಕೆ ಇದೇ ಕಾರಣ.

ಇದೂ ಸಾಲದು ಎಂಬಂತೆ ವಹಿಯ ಪುಟಗಳಲ್ಲಿ ಇನ್ನೊಂದು ಕಾವಲು ಇದೆ. ಪ್ರತಿ 512 ಬೈಟಿನ ಕೊನೆಯ ಎರಡು ಬೈಟುಗಳನ್ನು ತೆಗೆದು ಬೇರೆಡೆ ಇಟ್ಟು, ಆ ಜಾಗದಲ್ಲಿ ಒಂದು ಗುರುತಿನ ಸಂಖ್ಯೆ ಬರೆಯುತ್ತಾರೆ. ಓದುವಾಗ ಎಲ್ಲ ಕಡೆ ಒಂದೇ ಸಂಖ್ಯೆ ಸಿಕ್ಕರೆ ಪುಟ ಇಡಿಯಾಗಿ ಬರೆಯಲ್ಪಟ್ಟಿದೆ ಎಂದರ್ಥ, ಇಲ್ಲವಾದರೆ ಅರ್ಧ ಹರಿದ ಪುಟ. ಕಾಗದಪತ್ರದ ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿಸುವುದಿಲ್ಲವೇ, ಹಾಗೆ. ಓದುವವನು ಇದನ್ನು ಒಂದು ಸಲ ತಾಳೆ ನೋಡಿದರೆ ಆಯಿತು. ಬರೆಯುವವನು ಪ್ರತಿ ಸಲವೂ ತಪ್ಪಿಲ್ಲದೆ ಹಾಕಬೇಕು.

ಇಷ್ಟೆಲ್ಲವನ್ನೂ ಮೈಕ್ರೋಸಾಫ್ಟ್ ಪುಸ್ತಕ ಮಾಡಿ ಹೊರಗಿನವರ ಕೈಗೆ ಕೊಟ್ಟಿರಲಿಲ್ಲ. 1990ರ ದಶಕದಲ್ಲಿ ಲಿನಕ್ಸ್‌ಗಾಗಿ ಎನ್‌ಟಿಎಫ್‌ಎಸ್ ಡ್ರೈವರ್ ಬರೆಯಲು ಕುಳಿತವರು ಡಿಸ್ಕ್‌ನ ಮೇಲಿನ ಬೈಟುಗಳನ್ನೇ ನೋಡಿ ನೋಡಿ ನಿಯಮಗಳನ್ನು ಊಹಿಸಬೇಕಾಯಿತು. ಮೋಡಿ ಲಿಪಿಯ ಹಳೆಯ ಕಾಗದವನ್ನು ಓದಲು ಕಲಿತಂತೆ ಇದು. ನೂರು ಕಾಗದ ನೋಡಿದರೆ ಓದಲು ಬಂದೀತು. ಆದರೆ ಅದೇ ಲಿಪಿಯಲ್ಲಿ, ಆ ಕಾಲದ ಕುಲಕರ್ಣಿಯೇ ನೋಡಿದರೂ ಅನುಮಾನ ಬಾರದಂತೆ ಹೊಸ ದಾಖಲೆ ಬರೆಯುವುದು ಬೇರೆಯೇ ಮಟ್ಟದ ಕೆಲಸ.

ಹಾಗಾಗಿ ಲಿನಕ್ಸ್‌ನ ಮೊದಲ ಎನ್‌ಟಿಎಫ್‌ಎಸ್ ಡ್ರೈವರ್‌ನಲ್ಲಿ ಬರೆಯುವ ಸೌಲಭ್ಯದ ಮುಂದೆ ದೊಡ್ಡ ಅಕ್ಷರಗಳಲ್ಲಿ ‘ಅಪಾಯಕಾರಿ’ ಎಂಬ ಪದವನ್ನೇ ಹಚ್ಚಿದ್ದರು. ಇಂಥ ಪ್ರಾಮಾಣಿಕತೆ ನಮ್ಮ ಅನೇಕ ಆ್ಯಪ್‌ಗಳಿಗೂ ಇರಬೇಕಿತ್ತು. ಆಮೇಲೆ ಆಂಟನ್ ಆಲ್ಟಪರ್ಮಕೋವ್ ಆ ಡ್ರೈವರನ್ನು ಹೊಸದಾಗಿ ಬರೆದರು. ಲಿನಕ್ಸ್ 2.6ರ ಕಾಲಕ್ಕೆ ಅದರಲ್ಲಿ ಕ್ಷೇಮವಾಗಿ ಬರೆಯಲು ಬಂತು, ಆದರೆ ಒಂದು ವಿಚಿತ್ರ ಷರತ್ತಿನ ಮೇಲೆ. ಈಗಾಗಲೇ ಇರುವ ಫೈಲಿನ ಒಳಗೆ, ಅದರ ಗಾತ್ರ ಒಂದು ಬೈಟೂ ಬದಲಾಗದಂತೆ ತಿದ್ದಬಹುದು. ಹೊಸ ಫೈಲು ಮಾಡುವಂತಿಲ್ಲ, ಅಳಿಸುವಂತಿಲ್ಲ, ಉದ್ದ ಹೆಚ್ಚಿಸುವಂತಿಲ್ಲ.

ಕೇಳಲು ತಮಾಷೆಯಾಗಿದ್ದರೂ ಇದರಲ್ಲಿ ತರ್ಕವಿದೆ. ಅದೇ ಹೊಲದಲ್ಲಿ ಜೋಳದ ಬದಲು ತೊಗರಿ ಬಿತ್ತಿದಂತೆ ಇದು. ಬಾಂದು ಕಲ್ಲು ಅಲುಗಲಿಲ್ಲ, ಮಾಲೀಕ ಬದಲಾಗಲಿಲ್ಲ, ಪಕ್ಕದ ಹೊಲದವನಿಗೆ ತೊಂದರೆಯಿಲ್ಲ. (ಉತಾರದಲ್ಲಿ ಬೆಳೆಯ ಕಾಲಂ ಇದೆಯಲ್ಲ ಎಂದು ಯಾರಾದರೂ ಕೇಳಿದರೆ, ಹೌದು, ಫೈಲಿಗೂ ‘ಕೊನೆಗೆ ತಿದ್ದಿದ ಸಮಯ’ ಎಂಬ ಕಾಲಂ ಇದೆ.) ಗಾತ್ರ ಬದಲಾದ ಕೂಡಲೇ ಹೊಸ ತುಂಡು ಜಾಗ ಬೇಕು, ಆಗ ನಕ್ಷೆ, ವಹಿ, ಪಟ್ಟಿ ಎಲ್ಲವೂ ಒಟ್ಟಿಗೆ ಬದಲಾಗಬೇಕು. ತಪ್ಪುವುದೇ ಅಲ್ಲಿ.

2003ರಲ್ಲಿ ಯಾನ್ ಕ್ರಾಟೊಕ್ವಿಲ್ ಎಂಬ ಪ್ರೋಗ್ರಾಮರ್ ಇನ್ನೊಂದು ದಾರಿ ಹಿಡಿದರು. ಗುಮಾಸ್ತನ ಕೆಲಸ ಕಲಿಯುವುದು ಕಷ್ಟವಾದರೆ ಆ ಗುಮಾಸ್ತನನ್ನೇ ಕರೆತಂದರಾಯಿತು! ವಿಂಡೋಸ್‌ನ ಸ್ವಂತ ಎನ್‌ಟಿಎಫ್‌ಎಸ್ ಡ್ರೈವರನ್ನು ಲಿನಕ್ಸ್‌ನ ಒಳಗೆ, ‘ನೀನು ಇನ್ನೂ ವಿಂಡೋಸ್‌ನಲ್ಲೇ ಇದ್ದೀಯ’ ಎಂದು ನಂಬಿಸಿ ಓಡಿಸುವ ಕ್ಯಾಪ್ಟಿವ್ ಎಂಬ ತಂತ್ರಾಂಶ ಅದು. ಕೆಲಸ ಮಾಡುತ್ತಿತ್ತು, ಆದರೆ ನಿಧಾನ. 2007ರ ಫೆಬ್ರುವರಿಯಲ್ಲಿ ಹಂಗೇರಿಯ ಸಬೋಲ್ಚ್ ಸಾಕಾಚಿಚ್ ಅವರ ಎನ್‌ಟಿಎಫ್‌ಎಸ್-3ಜಿ ಸ್ಥಿರ ರೂಪದಲ್ಲಿ ಹೊರಬಂದ ಮೇಲೆಯೇ ಲಿನಕ್ಸ್ ಬಳಸುವವರು ವಿಂಡೋಸ್ ಡಿಸ್ಕ್‌ಗೆ ಭಯವಿಲ್ಲದೆ ಬರೆಯುವಂತಾಗಿದ್ದು. ಪ್ಯಾರಗಾನ್ ಎಂಬ ಕಂಪನಿ ತನ್ನ ಡ್ರೈವರನ್ನು ಕೊಟ್ಟ ಮೇಲೆ 2021ರ ಅಕ್ಟೋಬರ್ 31ರಂದು ಬಂದ ಲಿನಕ್ಸ್ 5.15ರಲ್ಲಿ ಈ ಸೌಲಭ್ಯ ಕರ್ನಲ್‌ನೊಳಗೇ ಪೂರ್ಣ ರೂಪದಲ್ಲಿ ಸೇರಿತು. 1993ರಿಂದ ಲೆಕ್ಕ ಹಾಕಿದರೆ 28 ವರ್ಷ.

ಮ್ಯಾಕ್ ಇಂದಿಗೂ ಎನ್‌ಟಿಎಫ್‌ಎಸ್ ಡಿಸ್ಕ್ ಅನ್ನು ಓದುತ್ತದೆಯೇ ಹೊರತು ತಾನಾಗಿ ಬರೆಯುವುದಿಲ್ಲ. ಅದಕ್ಕೆ ಬೇರೆ ತಂತ್ರಾಂಶ ಬೇಕು. ಮದುವೆ ವಿಡಿಯೊವನ್ನು ಬೆಂಗಳೂರಿಗೋ ಸೊಲ್ಲಾಪುರಕ್ಕೋ ಎಡಿಟಿಂಗ್‌ಗೆ ಕಳಿಸಿದಾಗ ‘ನಿಮ್ಮ ಡಿಸ್ಕ್ ಕೆಟ್ಟಿದೆ’ ಎಂಬ ಫೋನ್ ಬಂದರೆ, ಹೊಸ ಡಿಸ್ಕ್ ಕೊಳ್ಳುವ ಮುಂಚೆ ಅಲ್ಲಿರುವುದು ಮ್ಯಾಕ್ ಆಗಿದೆಯೇ ಎಂದು ಕೇಳಿ.

ಇನ್ನು ಬರೆಯಲು ಗೊತ್ತಿದ್ದೂ ಒಲ್ಲೆ ಎನ್ನುವ ಪ್ರಸಂಗ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಇದೆ. ‘ಶಟ್ ಡೌನ್’ ಒತ್ತಿದರೂ ವಿಂಡೋಸ್ ಪೂರ್ತಿ ಬಾಗಿಲು ಹಾಕುವುದಿಲ್ಲ, ತನ್ನ ಒಳಗಿನ ಸ್ಥಿತಿಯನ್ನು ಹಾಗೆಯೇ ಡಿಸ್ಕ್‌ನಲ್ಲಿ ಉಳಿಸಿ ಮಲಗುತ್ತದೆ, ನಾಳೆ ಬೇಗ ಏಳಬಹುದೆಂದು. ಅಂದರೆ ವಹಿ ಇನ್ನೂ ಅದರ ಮೇಜಿನ ಮೇಲೆ ತೆರೆದೇ ಇದೆ, ಯಾವ ಪುಟದಲ್ಲಿ ಏನಿದೆ ಎಂಬುದು ಅದರ ನೆನಪಿನಲ್ಲಿದೆ. ಈ ನಡುವೆ ಲಿನಕ್ಸ್ ಬಂದು ವಹಿಯಲ್ಲಿ ಬರೆದರೆ, ಎದ್ದ ವಿಂಡೋಸ್ ಹಳೆಯ ನೆನಪಿನ ಪ್ರಕಾರವೇ ಮುಂದುವರಿದು ಎರಡನ್ನೂ ಕೆಡಿಸುತ್ತದೆ. ಅದಕ್ಕೇ ಲಿನಕ್ಸ್ ಆ ಭಾಗವನ್ನು ಓದಲು ಮಾತ್ರ ತೆರೆಯುತ್ತದೆ. ವಿಂಡೋಸ್‌ನಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದು ಶಟ್ ಡೌನ್ ಮಾಡಿದರೆ, ಅಥವಾ ರೀಸ್ಟಾರ್ಟ್ ಮಾಡಿ ಲಿನಕ್ಸ್‌ಗೆ ಹೋದರೆ ಈ ತೊಡಕಿಲ್ಲ.

ಸರಿಯಾಗಿ ಬಿಡಿಸದೆ ಎಳೆದ ಡಿಸ್ಕ್‌ನದೂ ಹೆಚ್ಚುಕಡಿಮೆ ಇದೇ ಕಥೆ. ವಹಿಯಲ್ಲಿ ‘ಕೆಲಸ ಬಾಕಿ’ ಎಂಬ ಗುರುತು ಉಳಿದುಬಿಡುತ್ತದೆ. ಅಂಥ ಡಿಸ್ಕ್‌ಗೆ ಲಿನಕ್ಸ್‌ನ ಹೊಸ ಡ್ರೈವರ್ ಬರೆಯಲು ಒಪ್ಪುವುದಿಲ್ಲ. ಮತ್ತೆ ವಿಂಡೋಸ್ ಕಂಪ್ಯೂಟರಿಗೆ ಹಚ್ಚಿ, ಡಿಸ್ಕ್‌ನ ಪ್ರಾಪರ್ಟೀಸ್‌ನಲ್ಲಿ ಟೂಲ್ಸ್‌ಗೆ ಹೋಗಿ ‘ಚೆಕ್’ ಒತ್ತಿದರೆ ಬಾಕಿ ಲೆಕ್ಕ ಚುಕ್ತಾ ಆಗುತ್ತದೆ. ಅದಕ್ಕೂ ಮುನ್ನ ಮುಖ್ಯವಾದದ್ದನ್ನು ಬೇರೆಡೆ ಕಾಪಿ ಮಾಡಿಕೊಳ್ಳಿ. ಓದಲು ಬರುತ್ತಿದೆಯಲ್ಲ, ಅದರ ಲಾಭ ಪಡೆಯಿರಿ.

ಪೆನ್ ಡ್ರೈವ್ ಎಳೆಯುವ ಅವಸರದ ಬಗ್ಗೆ ಒಂದು ಮಾತು. ಕಾಪಿಯ ಪಟ್ಟಿ ನೂರಕ್ಕೆ ನೂರು ತಲುಪಿತು ಅಂದರೆ ಫೈಲು ಪೆನ್ ಡ್ರೈವ್‌ಗೆ ಹೋಯಿತು ಎಂದು ನಂಬುವಂತಿಲ್ಲ, ಲಿನಕ್ಸ್‌ನಲ್ಲಂತೂ ಇಲ್ಲವೇ ಇಲ್ಲ. ಫೈಲು ಇನ್ನೂ ಕಂಪ್ಯೂಟರಿನ ಮೆಮೊರಿಯಲ್ಲಿದ್ದು ನಿಧಾನವಾಗಿ ಇಳಿಯುತ್ತಿರಬಹುದು. ‘ಇಜೆಕ್ಟ್’ ಒತ್ತಿದಾಗ ಒಂದೆರಡು ನಿಮಿಷ ಕಾಯಿಸುವುದು ಅದಕ್ಕೇ. ವಿಂಡೋಸ್ 10 ಮಾತ್ರ 2018ರ 1809 ಆವೃತ್ತಿಯಿಂದ ಹೊರಗಿನ ಡ್ರೈವ್‌ಗಳಿಗೆ ಹೀಗೆ ಬಾಕಿ ಇಟ್ಟುಕೊಳ್ಳದೆ ಬರೆಯುವುದನ್ನೇ ರೂಢಿ ಮಾಡಿಕೊಂಡಿದೆ. ಹಾಗಂತ ಕಾಪಿ ನಡೆಯುತ್ತಿರುವಾಗಲೇ ಎಳೆದರೆ ಯಾವ ಆವೃತ್ತಿಯೂ ಕಾಪಾಡದು.

ಫೋಟೊಗ್ರಾಫರ್‌ಗಳಿಗೆ ಗೊತ್ತಿರಬೇಕಾದ ಇನ್ನೊಂದು ಕಾರಣ ತೀರಾ ಸರಳ. ಎಸ್‌ಡಿ ಕಾರ್ಡಿನ ಬದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಜಾರುಗುಂಡಿ ಇರುತ್ತದೆ. ಅದು ‘ಲಾಕ್’ ಕಡೆ ಸರಿದಿದ್ದರೆ ಬರೆಯಲಾಗದು. ಆಶ್ಚರ್ಯವೆಂದರೆ ಆ ಗುಂಡಿಗೂ ಕಾರ್ಡಿನೊಳಗಿನ ಚಿಪ್‌ಗೂ ಯಾವ ಸಂಪರ್ಕವೂ ಇಲ್ಲ. ಕಾರ್ಡ್ ಹಾಕುವ ರೀಡರ್ ಅಥವಾ ಕ್ಯಾಮೆರಾ ಗುಂಡಿ ಎಲ್ಲಿದೆ ಎಂದು ತಡವಿ ನೋಡಿ, ತಾನೇ ಬರೆಯದೆ ಸುಮ್ಮನಿರುತ್ತದೆ. ಗುಂಡಿ ಮುರಿದು ಬಿದ್ದಿದ್ದರೆ ಒಳ್ಳೆಯ ಕಾರ್ಡೂ ‘ಕೆಟ್ಟ’ ಕಾರ್ಡಾಗಿ ಕಾಣುತ್ತದೆ. ಬೇರೆ ರೀಡರ್‌ನಲ್ಲಿ ಒಮ್ಮೆ ಹಾಕಿ ನೋಡುವುದು ಲೇಸು.

ನಿಜವಾಗಿಯೂ ಡಿಸ್ಕ್ ಕೆಟ್ಟಿರುವುದೂ ಉಂಟು. ಕೆಲವು ಪೆನ್ ಡ್ರೈವ್ ಮತ್ತು ಎಸ್‌ಎಸ್‌ಡಿಗಳು ಸವೆದು ಕೊನೆಗಾಲಕ್ಕೆ ಬಂದಾಗ, ಇದ್ದದ್ದನ್ನಾದರೂ ಉಳಿಸಲು ತಾವೇ ಬರೆಯುವುದನ್ನು ನಿಲ್ಲಿಸಿಬಿಡುತ್ತವೆ. ಎಲ್ಲ ಕಂಪ್ಯೂಟರಿನಲ್ಲೂ, ವಿಂಡೋಸ್‌ನಲ್ಲೂ, ಬರೆಯಲು ಬಾರದಿದ್ದರೆ ಈ ಅನುಮಾನ ಪಡಬೇಕು. ಆಗ ಮಾಡಬೇಕಾದ್ದು ಒಂದೇ, ಇದ್ದದ್ದನ್ನು ತಕ್ಷಣ ಬೇರೆಡೆ ಇಳಿಸಿಕೊಳ್ಳುವುದು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ಸಂದೇಶ ಇನ್ನೊಂದಿದೆ. ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ತಯಾರಾದ ಡಿಸ್ಕ್ ಅನ್ನು ವಿಂಡೋಸ್‌ಗೆ ಹಚ್ಚಿದರೆ ವಿಂಡೋಸ್‌ಗೆ ಆ ವಹಿಯನ್ನು ಓದಲೂ ಬರುವುದಿಲ್ಲ. ‘ಈ ಲಿಪಿ ನನಗೆ ಗೊತ್ತಿಲ್ಲ’ ಎಂದು ಹೇಳಿದ್ದರೆ ಸಾಕಿತ್ತು. ಅದು ಹಾಗೆನ್ನದೆ ‘ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳುತ್ತದೆ. ಗಡಿಬಿಡಿಯಲ್ಲಿ ‘ಹೌದು’ ಒತ್ತುವವರು ಬಹಳ. ಇದು ನಮ್ಮ ಪ್ರಕಾರ ಕಂಪ್ಯೂಟರ್ ಲೋಕದ ಅತಿ ಬೇಜವಾಬ್ದಾರಿ ಪ್ರಶ್ನೆಗಳಲ್ಲೊಂದು. ಅಕಸ್ಮಾತ್ ಒತ್ತಿಬಿಟ್ಟರೂ ಎಲ್ಲ ಮುಗಿದಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ವಹಿಗಳನ್ನು ಹೊಸದಾಗಿ ಬರೆದಿರುತ್ತದೆ, ಹೊಲದ ಬೆಳೆ ಬಹುಪಾಲು ಹಾಗೆಯೇ ಇರುತ್ತದೆ. ಆ ಡಿಸ್ಕ್‌ಗೆ ಇನ್ನೇನನ್ನೂ ಬರೆಯದೆ ತೆಗೆದಿಟ್ಟರೆ ಡೇಟಾ ರಿಕವರಿ ಮಾಡುವವರು ಬಹಳಷ್ಟನ್ನು ಮರಳಿ ತೆಗೆಯಬಲ್ಲರು. ‘ಹ್ಯಾಗಿದ್ರೂ ಹೋಯ್ತು’ ಎಂದು ಅದರ ಮೇಲೆ ಹೊಸ ಶೂಟಿಂಗ್ ತುಂಬಿದರೆ ಆ ದಾರಿಯೂ ಮುಚ್ಚುತ್ತದೆ.

ಎಲ್ಲ ಕಡೆ ಓದಿ ಬರೆಯಲು ಬರುವ ವಹಿ ಪದ್ಧತಿ ಇಲ್ಲವೇ? 1977ರಷ್ಟು ಹಳೆಯದಾದ ಫ್ಯಾಟ್ ವಂಶದ ಫ್ಯಾಟ್32 ಹೆಚ್ಚುಕಡಿಮೆ ಎಲ್ಲ ಯಂತ್ರಕ್ಕೂ ಗೊತ್ತು, ಆದರೆ ಅದರಲ್ಲಿ ಫೈಲಿನ ಗಾತ್ರ ಬರೆಯುವ ಜಾಗವೇ ಚಿಕ್ಕದು, 4 ಜಿಬಿ ತಲುಪುವ ಫೈಲು ಹಿಡಿಸುವುದಿಲ್ಲ. ಮದುವೆ ವಿಡಿಯೊಗೆ ಅದು ಯಾವ ಮೂಲೆಗೂ ಸಾಲದು. ಅದರ ದೊಡ್ಡ ತಮ್ಮನಂತೆ 2006ರಲ್ಲಿ ಬಂದದ್ದು ಎಕ್ಸ್‌ಫ್ಯಾಟ್. 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡುಗಳ ರೂಢಿ ಇದೇ. 2019ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಇದರ ನಿಯಮಾವಳಿಯನ್ನು ಬಹಿರಂಗ ಮಾಡಿತು, ಅದೇ ನವೆಂಬರ್‌ನ ಲಿನಕ್ಸ್ 5.4ರಲ್ಲಿ ಡ್ರೈವರ್ ಬಂತು. ಎನ್‌ಟಿಎಫ್‌ಎಸ್‌ಗೆ ಹಿಡಿದ 28 ವರ್ಷದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ನಿಯಮ ತಿಳಿದಾಗ ಬರೆಯುವುದು ಎಷ್ಟು ಬೇಗ ಬರುತ್ತದೆ!

ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡಾಡುವ ಡಿಸ್ಕ್‌ಗೆ ಎಕ್ಸ್‌ಫ್ಯಾಟ್ ಸರಿ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಿಗೆ ಇದು ದಿನನಿತ್ಯದ ವಿಷಯ. 2001ರಲ್ಲಿ ಶುರುವಾಗಿ 2017ರಲ್ಲಿ ಕೈಟ್ ಆದ ಕೇರಳದ ಐಟಿ@ಸ್ಕೂಲ್ ಯೋಜನೆ ಅಲ್ಲಿನ ಶಾಲೆಗಳಲ್ಲಿ ಲಿನಕ್ಸ್ ಅನ್ನೇ ನೆಲೆಗೊಳಿಸಿದೆ, ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇರಬಹುದು. ಆದರೆ ಎಕ್ಸ್‌ಫ್ಯಾಟ್‌ನಲ್ಲಿ ಎನ್‌ಟಿಎಫ್‌ಎಸ್‌ನಂತೆ ಕಚ್ಚಾ ವಹಿ ಇಲ್ಲ. ಬರೆಯುವ ನಡುವೆ ಎಳೆದರೆ ಅಥವಾ ಕರೆಂಟು ಹೋದರೆ ಲೆಕ್ಕ ಸರಿಮಾಡಲು ಆಧಾರವೇ ಇರದು. ಹಾಗಾಗಿ ಅದನ್ನು ಸಾಗಿಸುವ ಚೀಲದಂತೆ ಬಳಸಿ, ಮೂಲ ಪ್ರತಿಯನ್ನು ಇನ್ನೊಂದು ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ಪದ್ಧತಿ ಬದಲಾಯಿಸಬೇಕಾದರೆ ಡಿಸ್ಕ್ ಫಾರ್ಮ್ಯಾಟ್ ಆಗಲೇಬೇಕು, ಆದ್ದರಿಂದ ಆ ಕೆಲಸವನ್ನು ಡಿಸ್ಕ್ ಕೊಂಡ ದಿನ, ಅದು ಖಾಲಿ ಇರುವಾಗಲೇ ಮಾಡಿ. ಆಯಾ ಡಿಸ್ಕ್‌ನ ಪದ್ಧತಿ ಯಾವುದೆಂದು ಒಂದು ಚೀಟಿಯಲ್ಲಿ ಬರೆದು ಅದರ ಬೆನ್ನಿಗೆ ಅಂಟಿಸಿದರೆ, ಎಡಿಟಿಂಗ್‌ನವರು ಫೋನ್ ಮಾಡಿದಾಗ ಹೇಳಲು ಸುಲಭ.